ಹಳೇ ಮೇಜಿನ ಗುಟ್ಟು ಅದರ ಹೊಟ್ಟೆಯಲ್ಲಿದೆ

‘ವಿಕ್ಟೋರಿಯಾ ರಾಣಿ ಕಾಲದ್ದು ಸಾರ್, ಅಪ್ಪಟ ಬೀಟೆ’ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ಒಮ್ಮೆ ಮೇಜು ತಂದಿದ್ದೆ. ಮನೆಯಲ್ಲಿ ಮಗುಚಿ ನೋಡಿದರೆ ತುಂಬಾ ಪ್ಲಸ್ ಸ್ಕ್ರೂಗಳು! ರಾಣಿ ತೀರಿಕೊಂಡಿದ್ದು 1901ರಲ್ಲಿ. ಆ ಥರದ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ.

ಅವತ್ತು ಗೊತ್ತಾಗಿದ್ದು ಇಷ್ಟೇ. ಶೈಲಿ ಬೇರೆ, ವಯಸ್ಸು ಬೇರೆ. ಕಾಲು ನೋಡಿದರೆ ಶೈಲಿ ತಿಳಿಯುತ್ತದೆ. ವಯಸ್ಸು ತಿಳಿಯಬೇಕಾದರೆ ಕೆಳಗೆ ತೂರಲೇಬೇಕು.

ಮೊದಲು ಕಾಲು ನೋಡಿ. ಮೊಣಕಾಲಿನ ಹಾಗೆ ಮೇಲೆ ಉಬ್ಬಿ, ಕೆಳಗೆ ಸಣ್ಣಗಾಗಿ, ಪಾದದಲ್ಲಿ ಮತ್ತೆ ಹೊರಬಂದ ಬಾಗಿದ ಕಾಲಿಗೆ ಕ್ಯಾಬ್ರಿಯೋಲ್ ಅನ್ನುತ್ತಾರೆ. ಪಾದ ಸುಮ್ನೆ ದುಂಡಗೆ, ಚಪ್ಪಟೆಯಾಗಿದ್ದರೆ ಕ್ವೀನ್ ಆನ್ ಶೈಲಿ. ಆಕೆ ಇಂಗ್ಲೆಂಡ್ ಆಳಿದ್ದು 1702ರಿಂದ 1714ರವರೆಗೆ. ಹಕ್ಕಿಯ ಉಗುರು ಚೆಂಡನ್ನು ಹಿಡಿದ ಹಾಗಿದ್ದರೆ ಸಾಮಾನ್ಯವಾಗಿ ಚಿಪ್ಪೆಂಡೇಲ್ ಎನ್ನುತ್ತಾರೆ. ಲಂಡನ್ನಿನ ಈ ಬಡಗಿ 1754ರಲ್ಲಿ ತನ್ನ ವಿನ್ಯಾಸಗಳ ಪುಸ್ತಕ ಅಚ್ಚು ಹಾಕಿಸಿದ. ಅದನ್ನು ನೋಡಿಕೊಂಡು ಎಲ್ಲೆಲ್ಲಿಯೋ ಬಡಗಿಗಳು ಮೇಜು ಮಾಡಿದರು. ಹಾಗಾಗಿ ‘ಚಿಪ್ಪೆಂಡೇಲ್ ಮೇಜು’ ಎಂದರೆ ಅವನೇ ಮಾಡಿದ್ದು ಅಂತಲ್ಲ.

ನೇರವಾಗಿ ಕೆಳಗೆ ಹೋಗ್ತಾ ಸಪೂರವಾಗುವ ಚೌಕದ ಕಾಲು ಹೆಪಲ್‌ವೈಟ್. ಅದೇ ದುಂಡಗಿದ್ದು, ಉದ್ದುದ್ದ ಗೀರು ಕೊರೆದಿದ್ದರೆ ಶೆರಟನ್. ಎರಡೂ ಇಂಗ್ಲೆಂಡಿನ ಪೀಠೋಪಕರಣ ವಿನ್ಯಾಸಕಾರರ ಹೆಸರು, 18ನೇ ಶತಮಾನದ ಕೊನೆಯ ಶೈಲಿಗಳು. ಕತ್ತಿಯಂತೆ ಹೊರಗೆ ಬಾಗಿದ್ದು, ತುದಿಗೆ ಹಿತ್ತಾಳೆಯ ಸಿಂಹದ ಪಂಜ ಇದ್ದರೆ ರೀಜೆನ್ಸಿ, ಅಂದರೆ 19ನೇ ಶತಮಾನದ ಆರಂಭದ ಇಂಗ್ಲಿಷ್ ಶೈಲಿ.

ನಮ್ಮ ಕಡೆ ನನ್ನ ಕಣ್ಣಿಗೆ ಜಾಸ್ತಿ ಬಿದ್ದಿರುವುದು ಇವ್ಯಾವುವೂ ಅಲ್ಲ. ಲೇತ್‌ನಲ್ಲಿ ಕಡೆದ, ಚೆಂಬು ಒಂದರ ಮೇಲೊಂದು ಇಟ್ಟ ಹಾಗಿರುವ ದಪ್ಪ ಕಾಲು, ಕೆಳಗೆ ಪುಟ್ಟ ಹಿತ್ತಾಳೆ ಚಕ್ರ. ಅದು ವಿಕ್ಟೋರಿಯನ್. ಇನ್ನೊಂದು, ಕೆತ್ತನೆಯೇ ಇಲ್ಲದೆ ನೇರ ಗೆರೆ, ದುಂಡು ಮೂಲೆಗಳ ಆರ್ಟ್ ಡೆಕೊ. ಈ ಹೆಸರಿನ ಮೂಲ 1925ರ ಪ್ಯಾರಿಸ್ ಪ್ರದರ್ಶನ. ಮೂಲೆಗೆಲ್ಲ ಹಿತ್ತಾಳೆ ಪಟ್ಟಿ ಹೊಡೆದು, ಕಾಲು ತಿರುಗಿಸಿ ಬಿಚ್ಚುವಂತಿದ್ದರೆ ಅದೊಂದು ಮಜಾ ಮೇಜು. ದಂಡಿನ ಜೊತೆ ಊರೂರು ತಿರುಗುತ್ತಿದ್ದ ಬ್ರಿಟಿಷ್ ಅಧಿಕಾರಿಗಳಿಗಾಗಿ ಮಾಡಿದ ಕ್ಯಾಂಪೇನ್ ಶೈಲಿ ಅದು.

ಮರವನ್ನೂ ಗಮನಿಸಿ. ಇಂಗ್ಲೆಂಡಿನ ಮೇಜುಗಳಲ್ಲಿ ಹೆಚ್ಚಾಗಿ ಓಕ್, ವಾಲ್‌ನಟ್, ಮಹಾಗನಿ. ಕಾಲು ಇಂಗ್ಲಿಷ್ ನಮೂನೆಯದ್ದು, ಮೈಯೆಲ್ಲ ಗಟ್ಟಿ ಬೀಟೆ ಅಥವಾ ತೇಗ ಎಂದರೆ ಇಲ್ಲಿನ ಬಡಗಿಯ ಕೈಕೆಲಸ ಇರಬೇಕು. ಅದೇನು ಕಡಿಮೆಯಲ್ಲ. ನನಗಂತೂ ಅದೇ ಇಷ್ಟ.

ಈಗ ಟಾರ್ಚ್ ಹಿಡಿದು ಮೇಜಿನ ಕೆಳಗೆ ಮಲಗಿ. ಹಲಗೆಯ ಮೇಲೆ ಗರಗಸದ ಗುರುತು ಕಮಾನಿನಂತೆ ಬಾಗಿದ್ದರೆ ಯಂತ್ರದ ಚಕ್ರ ಗರಗಸ, ಅಂದರೆ 19ನೇ ಶತಮಾನ ಅಥವಾ ಆಮೇಲಿನದು. ನೇರವಾಗಿ, ಏರುಪೇರಾಗಿದ್ದರೆ ಕೈಗರಗಸ. ಆದರೆ ನಮ್ಮಲ್ಲಿ ಇಬ್ಬರು ಬಡಗಿಗಳು ಮೇಲೊಬ್ಬ, ಕೆಳಗೊಬ್ಬ ನಿಂತು ದಿಮ್ಮಿ ಕೊಯ್ಯುವುದು 20ನೇ ಶತಮಾನದಲ್ಲೂ ಇತ್ತಲ್ವಾ? ಹಾಗಾಗಿ ಇದೊಂದನ್ನೇ ನೆಚ್ಚಬೇಡಿ.

ಡ್ರಾಯರ್ ಎಳೆದು ಮೂಲೆಯ ಜೋಡಣೆ ನೋಡಿ. ಪಾರಿವಾಳದ ಬಾಲದಂಥ ಹಲ್ಲುಗಳು ಒಂದಕ್ಕೊಂದು ಕೂತಿರುತ್ತವೆ. ಹಲ್ಲು ಚಿಕ್ಕದು ದೊಡ್ಡದು ಇದ್ದರೆ ಕೈಯಲ್ಲಿ ಕೊರೆದದ್ದು. ಎಲ್ಲ ಒಂದೇ ಅಳತೆ ಎಂದರೆ ಯಂತ್ರದ್ದು. ಒಂದು ಸ್ಕ್ರೂ ಬಿಚ್ಚಿ. ತುದಿ ಮೊಂಡಾಗಿ, ತಲೆಯ ಗೀರು ನಡುವೆ ಇರದೆ ಪಕ್ಕಕ್ಕೆ ಸರಿದಿದ್ದರೆ ಖುಷಿಪಡಿ. ಚೂಪು ತುದಿಯವು ಬಂದದ್ದು 19ನೇ ಶತಮಾನದ ಮಧ್ಯದಲ್ಲಿ. ಒಂದೆರಡು ಹೊಸ ಸ್ಕ್ರೂ ರಿಪೇರಿಯದ್ದಿರಬಹುದು. ನನ್ನ ಮೇಜಿನ ಹಾಗೆ ಎಲ್ಲವೂ ಹೊಸವಾದರೆ ಮಾತ್ರ ಅನುಮಾನಪಡಿ.

ಯಾವ ಕೆಲಸಕ್ಕೂ ಬಾರದ ಹಳೇ ತೂತುಗಳು ಕಂಡವೇ? ಒಂದು ಮೇಜಿನ ಹಲಗೆಗೆ ಇನ್ನೊಂದರ ಕಾಲು ಜೋಡಿಸಿರಬಹುದು. ವ್ಯಾಪಾರಿಗಳು ಇದನ್ನು ‘ಮದುವೆ’ ಅನ್ನುತ್ತಾರೆ. ಮದುವೆಯಾದ ಮೇಜಿನ ಬೆಲೆ ಇಳಿಯುತ್ತದೆ.

ದುಂಡು ಮೇಜಾದರೆ ಟೇಪ್ ಹಿಡಿಯಿರಿ. ಮರ ಒಣಗುತ್ತಾ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚೇನೂ ಕುಗ್ಗುವುದಿಲ್ಲ. ಹಾಗಾಗಿ ಹಳೇ ಗಟ್ಟಿಮರದ ದುಂಡು ಮೇಜು ಪೂರ್ತಿ ದುಂಡಗಿರುವುದು ಅಪರೂಪ. ಎರಡೂ ಕಡೆ ಅಳತೆ ಕೂದಲೆಳೆಯಷ್ಟೂ ತಪ್ಪದೆ ಒಂದೇ ಬಂದರೆ ಇನ್ನೊಮ್ಮೆ ಯೋಚಿಸಿ.

ಇದೆಲ್ಲ ಮುಗಿಯುವ ತನಕ ಪಾಲಿಶ್‌ನವರನ್ನು ಕರೆಯಬೇಡಿ. ಕಾಣದ ಮೂಲೆಯಲ್ಲಿ ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಒತ್ತಿ. ಹೊಳಪು ಕರಗಿ ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಅದರ ಮೇಲೆ ಉಪ್ಪುಕಾಗದ ಒಮ್ಮೆ ಓಡಿದರೆ ನೂರು ವರ್ಷ ಕೂತ ಬಣ್ಣ ಅರ್ಧ ಗಂಟೆಯಲ್ಲಿ ಪುಡಿಯಾಗಿ ನೆಲಕ್ಕೆ ಬೀಳುತ್ತದೆ.