ಒಂದು ತೂತು, ಒಂದು ಅಲ್ಯೂಮಿನಿಯಂ ತಟ್ಟೆ: ಅಂಗಳದಲ್ಲೇ ಸೂರ್ಯನ ಲೆಕ್ಕ ಹಾಕುವುದು ಹೇಗೆ

ಸೂರ್ಯನೊಳಗೆ ಪರಮಾಣು ಶಕ್ತಿ ಇದೆ ಎಂದು ಪಠ್ಯಪುಸ್ತಕ ಹೇಳುತ್ತದೆ, ನಾವು ಒಪ್ಪಿಕೊಳ್ಳುತ್ತೇವೆ. ಆದರೆ ಬೇರೆ ಯಾವ ಉರುವಲಿನಿಂದಲೂ ಅಷ್ಟು ಬಿಸಿಲು ಸಾಧ್ಯವಿಲ್ಲ ಎಂಬುದನ್ನು ಎರಡು ಅಳತೆ ಮತ್ತು ಒಂದಿಷ್ಟು ಗುಣಾಕಾರ ಭಾಗಾಕಾರದಿಂದ ನೀವೇ ತೋರಿಸಬಹುದು. ಪಿಯುಸಿ ಗಣಿತ ಸಾಕು. ಮಳೆಗಾಲ ಬೇಡ, ಜನವರಿ, ಫೆಬ್ರವರಿಯ ತಿಳಿ ಆಕಾಶ ಒಳ್ಳೆಯದು.

ಎಚ್ಚರಿಕೆ ಒಂದೇ: ತೂತಿನ ಮೂಲಕವಾಗಲಿ, ಎಕ್ಸ್‌ರೇ ಹಾಳೆಯ ಮೂಲಕವಾಗಲಿ ಸೂರ್ಯನನ್ನು ನೋಡಬೇಡಿ. ಇಲ್ಲಿ ಎಲ್ಲ ಅಳತೆಯೂ ಸೂರ್ಯನಿಗೆ ಬೆನ್ನು ಮಾಡಿಯೇ ಆಗುತ್ತದೆ.

ಮೊದಲ ಅಳತೆ: ಬಿಂಬದ ಅಗಲ

ಒಂದು ಸಣ್ಣ ಕನ್ನಡಿಯ ಮೇಲೆ ಕಪ್ಪು ಕಾಗದ ಅಂಟಿಸಿ, ನಡುವೆ 3 ಮಿ.ಮೀ. ತೂತು ಬಿಡಿ. ಕಿಟಕಿಯ ಬಳಿ ಬಿಸಿಲಿಗೆ ಇಟ್ಟು ಕತ್ತಲ ಕೋಣೆಯ ಒಳಗೋಡೆಗೆ ಬೆಳಕು ಹಾಯಿಸಿ. ಕನ್ನಡಿಯಿಂದ 5 ಮೀಟರ್ ದೂರದಲ್ಲಿ ಬಿಳಿ ಹಾಳೆ ಹಿಡಿದರೆ ಮಸುಕು ಅಂಚೂ ಸೇರಿ ಸುಮಾರು 49.5 ಮಿ.ಮೀ. ಅಗಲದ ದುಂಡನೆಯ ಬೆಳಕು ಕಾಣುತ್ತದೆ. ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ಅನುಮಾನವಿದ್ದರೆ ತೂತನ್ನು ಚೌಕಾಕಾರಕ್ಕೆ ಕತ್ತರಿಸಿ ನೋಡಿ. ಬಿಂಬ ದುಂಡಗೇ ಉಳಿಯುತ್ತದೆ.

ಬಿಂಬದ ಅಂಚು ಮಸುಕಾಗಿರುತ್ತದೆ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ತೂತಿನ ಅಗಲವನ್ನು ಕಳೆಯಿರಿ. ತೂತು ತೀರ ಸಣ್ಣದಾದರೆ ಬಿಂಬ ಚುರುಕಾಗುತ್ತದೆ ಎಂದುಕೊಳ್ಳುವುದು ತಪ್ಪು. 5 ಮೀಟರಿಗೆ 1 ಮಿ.ಮೀ. ತೂತು ಮಾಡಿದರೆ ಬೆಳಕಿನ ವಿವರ್ತನೆಯಿಂದ ಅಂಚು ಇನ್ನಷ್ಟು ಹರಡುತ್ತದೆ. ಹಾಳೆ ಓರೆಯಾದರೆ ಬಿಂಬ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಗ ಕಿರಿದಾದ ಅಗಲವನ್ನೇ ತೆಗೆದುಕೊಳ್ಳಿ.

ದೂರವನ್ನು ಬಿಂಬದ ಅಗಲದಿಂದ ಭಾಗಿಸಿ. 107.5ರ ಆಸುಪಾಸು ಬರಬೇಕು. ಅಂದರೆ ಸೂರ್ಯ ತನ್ನ ವ್ಯಾಸದ 107.5 ಪಟ್ಟು, ತ್ರಿಜ್ಯದ 215 ಪಟ್ಟು ದೂರದಲ್ಲಿದ್ದಾನೆ. ಈ 215 ಮುಂದೆ ಬೇಕಾಗುತ್ತದೆ. ಸರಾಸರಿ ದೂರ 14.96 ಕೋಟಿ ಕಿ.ಮೀ. ಎಂದು ಗೊತ್ತಿರುವುದರಿಂದ ವ್ಯಾಸ 13.92 ಲಕ್ಷ ಕಿ.ಮೀ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುತ್ತದೆ, ಹಾಗಾಗಿ ಬಿಂಬ ಒಂದು ಮಿ.ಮೀ.ಗೆ ತುಸು ಕಡಿಮೆ ದೊಡ್ಡದಾಗಿ ಕಂಡರೆ ಅದು ನಿಮ್ಮ ತಪ್ಪಲ್ಲ.

ಎರಡನೆಯ ಅಳತೆ: ಬಿಸಿಲಿನ ತೂಕ

ಕಷ್ಟ ಇರುವುದು ಇಲ್ಲಿ. ಬೇಕಾದ್ದು 10 ಸೆಂ.ಮೀ. ಚೌಕದ, 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಟ್ಟೆ. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರೆ. ತೂಕ ಸುಮಾರು 162 ಗ್ರಾಂ. ಅಲ್ಯೂಮಿನಿಯಂ ಗ್ರಾಮಿಗೆ ಒಂದು ಡಿಗ್ರಿ ಏರಲು 0.9 ಜೂಲ್ ಬೇಕು, ಹಾಗಾಗಿ ಇಡೀ ತಟ್ಟೆಗೆ ಡಿಗ್ರಿಗೆ 146 ಜೂಲ್. ಪಕ್ಕದಿಂದ ನಡುವಿನವರೆಗೆ ತೂತು ಕೊರೆದು, ಕಂಪ್ಯೂಟರ್ ಪ್ರೊಸೆಸರಿಗೆ ಹಚ್ಚುವ ಥರ್ಮಲ್ ಪೇಸ್ಟ್ ತುಂಬಿ, 0.1 ಡಿಗ್ರಿ ತೋರಿಸುವ ಡಿಜಿಟಲ್ ಥರ್ಮಾಮೀಟರಿನ ಪ್ರೋಬ್ ತೂರಿಸಿ. ಒಂದು ಮುಖಕ್ಕೆ ಕರಿಹಲಗೆಯ ಬಣ್ಣವನ್ನು ತೆಳ್ಳಗೆ ಎರಡು ಸಲ ಬಳಿಯಿರಿ. ಹೊಳೆಯುವ ಎನಾಮಲ್ ಬೇಡ, ಅದು ಬಿಸಿಲನ್ನು ಹೊರಕ್ಕೆ ತಳ್ಳುತ್ತದೆ. ಉಳಿದ ಐದು ಮುಖಗಳಿಗೆ ಒಂದು ಅಂಗುಲದ ಥರ್ಮೋಕೋಲ್ ಹೊದಿಕೆ.

ತಟ್ಟೆಗೆ ಹೊಂದಿಕೊಂಡಂತೆ ಥರ್ಮೋಕೋಲಿನಲ್ಲಿ ಒಂದು ಮೊಳೆಯನ್ನು ನೇರವಾಗಿ ಚುಚ್ಚಿ. ಮೊಳೆಯ ನೆರಳು ಮಾಯವಾಗುವವರೆಗೆ ತಟ್ಟೆಯನ್ನು ತಿರುಗಿಸಿದರೆ ಅದು ಸೂರ್ಯನಿಗೆ ನೇರ ಮುಖ ಮಾಡಿದೆ ಎಂದರ್ಥ. 20 ಡಿಗ್ರಿ ಓರೆಯಾದರೆ ಶೇ. 6ರಷ್ಟು ಬಿಸಿಲು ಲೆಕ್ಕದಿಂದ ಜಾರಿಹೋಗುತ್ತದೆ.

ಈಗ ಮೂರು ನಿಮಿಷ ನೆರಳು, ಮೂರು ನಿಮಿಷ ಬಿಸಿಲು, ಮತ್ತೆ ಮೂರು ನಿಮಿಷ ನೆರಳು. ಪ್ರತಿ 15 ಸೆಕೆಂಡಿಗೆ ತಾಪ ಬರೆದುಕೊಳ್ಳಿ. ಪ್ರೋಬ್ ನಿಧಾನವಾದ್ದರಿಂದ ಪ್ರತಿ ಹಂತದ ಮೊದಲ ನಿಮಿಷವನ್ನು ಬಿಟ್ಟುಬಿಡಿ. ನೆರಳಿಗೆ 15 ಸೆಂ.ಮೀ. ರಟ್ಟನ್ನು ಒಂದು ಮೀಟರ್ ದೂರದಲ್ಲಿ ಹಿಡಿಯಿರಿ. ಹತ್ತಿರ ಹಿಡಿದರೆ ಸೂರ್ಯನ ಜೊತೆಗೆ ಅರ್ಧ ಆಕಾಶವೂ ಮುಚ್ಚಿಹೋಗಿ ಲೆಕ್ಕ ಕೆಡುತ್ತದೆ. ಬಿಸಿಲಿನ ಏರಿಕೆಯ ದರದಿಂದ ಎರಡೂ ನೆರಳಿನ ಸರಾಸರಿ ದರವನ್ನು ಕಳೆದರೆ ಗಾಳಿಗೆ ಸೋರುವ ಶಾಖ, ಆಕಾಶದಿಂದ ಬರುವ ಶಾಖ ಬಹುಪಾಲು ತಾವಾಗಿಯೇ ಕಳೆದುಹೋಗುತ್ತವೆ. ತಟ್ಟೆಯನ್ನು ತಣ್ಣೀರ ಬಟ್ಟೆಯಿಂದ ಒರೆಸಿ, ಗಾಳಿಗಿಂತ ನಾಲ್ಕೈದು ಡಿಗ್ರಿ ತಣ್ಣಗಿರುವಾಗ ಶುರು ಮಾಡಿದರೆ ಇನ್ನೂ ಒಳ್ಳೆಯದು. ಗಾಳಿ ಬೀಸುವ ಕಡೆಗೆ ರಟ್ಟು ಅಡ್ಡ ಇಡಿ; ಗಾಜು ಮಾತ್ರ ಮುಚ್ಚಬೇಡಿ, ಒಂದೇ ಗಾಜು ಶೇ. 8ರಷ್ಟನ್ನು ಪ್ರತಿಫಲಿಸುತ್ತದೆ. ಫ್ರೆಂಚ್ ವಿಜ್ಞಾನಿ ಪುಯೇ 1837ರಲ್ಲಿ ಕಪ್ಪು ಬಳಿದ ನೀರಿನ ಡಬ್ಬಿ ಇಟ್ಟುಕೊಂಡು ಮಾಡಿದ್ದೂ ಇದೇ ನೆರಳು ಬಿಸಿಲಿನ ಆಟ.

ಉದಾಹರಣೆಗೆ, ವ್ಯತ್ಯಾಸ ನಿಮಿಷಕ್ಕೆ 3.36 ಡಿಗ್ರಿ ಬಂತು ಎನ್ನೋಣ. 146 × 3.36 ÷ 60 = 8.18 ವ್ಯಾಟ್. ಬಣ್ಣ ಹೀರುವುದು ಶೇ. 95 ಎಂದು ಹಿಡಿದರೆ 8.6 ವ್ಯಾಟ್, ತಟ್ಟೆಯ ವಿಸ್ತೀರ್ಣ 0.01 ಚದರ ಮೀಟರ್ ಆದ್ದರಿಂದ ಚದರ ಮೀಟರಿಗೆ 860 ವ್ಯಾಟ್.

ಇದು ನೆಲಕ್ಕೆ ತಲುಪಿದ್ದು. ವಾತಾವರಣ ಹೀರಿಕೊಂಡದ್ದನ್ನು ಸೇರಿಸಲು ಸಂಜೆ ನಾಲ್ಕರ ಸುಮಾರಿಗೆ ಮತ್ತೆ ಅಳೆಯಿರಿ. ಎರಡೂ ಸಲ ಒಂದು ಮೀಟರ್ ಕೋಲಿನ ನೆರಳನ್ನು ಅಳೆದು ವರ್ಗ ಮಾಡಿ, 1 ಕೂಡಿಸಿ, ವರ್ಗಮೂಲ ತೆಗೆದರೆ ಬೆಳಕು ಎಷ್ಟು ಪಟ್ಟು ಗಾಳಿ ದಾಟಿ ಬಂತು ಎಂಬುದು ಸಿಗುತ್ತದೆ. ಮಧ್ಯಾಹ್ನ ನೆರಳು 0.6 ಮೀಟರ್ ಇದ್ದರೆ 1.17, ಸಂಜೆ 2 ಮೀಟರ್ ಇದ್ದರೆ 2.24. ಗ್ರಾಫಿನಲ್ಲಿ ಇದರ ಎದುರು ವ್ಯಾಟಿನ ಲಾಗರಿದಮ್ ಗುರುತಿಸಿ, ಗೆರೆಯನ್ನು ಸೊನ್ನೆಯವರೆಗೆ ಹಿಂದಕ್ಕೆ ಎಳೆಯಿರಿ. ಮಧ್ಯಾಹ್ನ 860, ಸಂಜೆ 650 ಬಂದಿದ್ದರೆ ಉತ್ತರ ಸುಮಾರು 1,170. ಉಪಗ್ರಹಗಳು ಅಳೆದ ಸರಾಸರಿ 1,361. ಪುಯೇಗೆ ಸಿಕ್ಕಿದ್ದು 1,228. ನೀರಾವಿ ಹೀರುವ ಪಾಲು ಈ ಸರಳ ಗೆರೆಗೆ ಸಿಕ್ಕುವುದಿಲ್ಲ, ಹಾಗಾಗಿ ಸಂಖ್ಯೆ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. 1,361ಕ್ಕೆ ಸರಿಹೊಂದಿಸಲು ಹೋಗಬೇಡಿ.

ಮೇಲ್ಮೈ ತಾಪ

1,170ನ್ನು 215ರ ವರ್ಗದಿಂದ ಗುಣಿಸಿ: ಸೂರ್ಯನ ಮೇಲ್ಮೈಯ ಪ್ರತಿ ಚದರ ಮೀಟರ್ 5.41 ಕೋಟಿ ವ್ಯಾಟ್ ಹೊರಸೂಸುತ್ತದೆ. ಬಿಸಿ ಮೇಲ್ಮೈ ಸೂಸುವ ಶಕ್ತಿ ಅದರ ತಾಪದ ನಾಲ್ಕನೇ ಘಾತದಂತೆ ಏರುತ್ತದೆ, ಹಾಗಾಗಿ ಇದನ್ನು ಆ ನಿಯಮದ ಸ್ಟೀಫಾನ್ ಸ್ಥಿರಾಂಕ 5.67 × 10⁻⁸ರಿಂದ ಭಾಗಿಸಿ ಎರಡು ಸಲ ವರ್ಗಮೂಲ ತೆಗೆಯಿರಿ. 5,560 ಕೆಲ್ವಿನ್. ನಿಜವಾದದ್ದು 5,772. ಬಿಸಿಲಿನ ಅಳತೆಯಲ್ಲಿ ಶೇ. 14 ತಪ್ಪಿದ್ದರೂ ತಾಪದಲ್ಲಿ ತಪ್ಪು ಶೇ. 4 ಮಾತ್ರ, ಏಕೆಂದರೆ ನಾಲ್ಕನೇ ಮೂಲ ತಪ್ಪನ್ನು ಕುಗ್ಗಿಸುತ್ತದೆ. ಸೂರ್ಯನ ದೂರ ಗೊತ್ತಿಲ್ಲದಿದ್ದರೂ ಈ ಲೆಕ್ಕ ನಡೆಯುತ್ತದೆ ಎನ್ನುವುದು ನಮಗೆ ಎಲ್ಲಕ್ಕಿಂತ ಇಷ್ಟವಾದ ಭಾಗ.

ಉರುವಲಿನ ಪರೀಕ್ಷೆ

ಇಲ್ಲಿಂದ 1,361 ಬಳಸೋಣ. ನಿಮ್ಮ ಸಂಖ್ಯೆಯನ್ನು ಪಕ್ಕದಲ್ಲೇ ನಡೆಸಿ ನೋಡಿ. ಭೂಕಕ್ಷೆಯಷ್ಟು ದೊಡ್ಡ ಗೋಳದ ಮೇಲ್ಮೈ 2.81 × 10²³ ಚದರ ಮೀಟರ್. ಗುಣಿಸಿದರೆ ಸೂರ್ಯನ ಒಟ್ಟು ಶಕ್ತಿ 3.83 × 10²⁶ ವ್ಯಾಟ್. ರಾಶಿ 2 × 10³⁰ ಕಿಲೋ. ಇಡೀ ಸೂರ್ಯ ಕಲ್ಲಿದ್ದಲಾಗಿದ್ದರೆ, ಕಿಲೋಗೆ 3 ಕೋಟಿ ಜೂಲಿನಂತೆ, 5,000 ವರ್ಷಕ್ಕೆ ಬೂದಿ. ತನ್ನದೇ ಭಾರಕ್ಕೆ ಕುಗ್ಗುತ್ತಾ ಬಿಸಿಯಾಗುತ್ತಿದ್ದಾನೆ ಎಂದರೆ ಸುಮಾರು 3 ಕೋಟಿ ವರ್ಷ. 19ನೇ ಶತಮಾನದಲ್ಲಿ ಲಾರ್ಡ್ ಕೆಲ್ವಿನ್ ಹಿಡಿದದ್ದು ಈ ದಾರಿ. ಆದರೆ ಬೆಂಗಳೂರಿನ ಲಾಲ್‌ಬಾಗ್ ಬಂಡೆಗೇ ಸುಮಾರು 300 ಕೋಟಿ ವರ್ಷ. ಇಂಥ ಕಲ್ಲುಗಳ ವಯಸ್ಸು ಹೇಳುವುದು ವಿಕಿರಣಶೀಲತೆ: ಯುರೇನಿಯಂ-238ರಲ್ಲಿ ಅರ್ಧ ಭಾಗ ಕ್ಷಯಿಸಿ ಕೊನೆಗೆ ಸೀಸವಾಗುವ ಹಾದಿ ಹಿಡಿಯಲು 447 ಕೋಟಿ ವರ್ಷ ಬೇಕು, ಆ ಗಡಿಯಾರ ಬಿಸಿ ಮಾಡಿದರೂ ಒತ್ತಿದರೂ ತಪ್ಪುವುದಿಲ್ಲ.

ಉಳಿದದ್ದು ಬೀಜ ಸಮ್ಮಿಲನ, ಅಂದರೆ ಹಗುರ ಪರಮಾಣು ಬೀಜಗಳು ಕೂಡಿ ಭಾರವಾದ ಬೀಜವಾಗುವುದು. ನಾಲ್ಕು ಹೈಡ್ರೋಜನ್ ಪರಮಾಣು: 4 × 1.007825 = 4.031300. ಒಂದು ಹೀಲಿಯಂ: 4.002603. ಕಾಣೆಯಾದದ್ದು 0.028697 ಪರಮಾಣು ರಾಶಿ ಮಾನ, ಶೇ. 0.71. E = mc² ಪ್ರಕಾರ ಶಕ್ತಿಯ ಲೆಕ್ಕದಲ್ಲಿ 26.73 ಮೆಗಾ ಎಲೆಕ್ಟ್ರಾನ್ ವೋಲ್ಟ್. ವಿದ್ಯಾರ್ಥಿಗಳು ಜಾರುವುದು ಇಲ್ಲೇ: ಒಂದು ಕಡೆ ಬರಿಯ ಪ್ರೋಟಾನಿನ ರಾಶಿ 1.007276, ಇನ್ನೊಂದು ಕಡೆ ಹೀಲಿಯಂ ಪರಮಾಣುವಿನ ರಾಶಿ ಹಾಕುತ್ತಾರೆ, 24.69 ಬರುತ್ತದೆ. ಎರಡೂ ಕಡೆ ಪರಮಾಣು ರಾಶಿಯನ್ನೇ ಬಳಸಿ.

ಒಂದು ಕಿಲೋ ಹೈಡ್ರೋಜನ್ 6.4 × 10¹⁴ ಜೂಲ್ ಕೊಡುತ್ತದೆ. ಸೂರ್ಯನ ಹತ್ತರಲ್ಲೊಂದು ಭಾಗ ಉರಿದರೂ ಸುಮಾರು 1,000 ಕೋಟಿ ವರ್ಷ ಸಾಕು. ಹತ್ತರಲ್ಲೊಂದೇ ಏಕೆ? ತ್ರಿಜ್ಯದ ಒಳಗಿನ ಕಾಲು ಭಾಗದ ತಿರುಳಿನಲ್ಲಿ ಮಾತ್ರ 1.5 ಕೋಟಿ ಡಿಗ್ರಿ ತಾಪ, ನೀರಿನ 150 ಪಟ್ಟು ಸಾಂದ್ರತೆ ಇದೆ. ಅದರಾಚೆ ತ್ರಿಜ್ಯದ ಶೇ. 70ರವರೆಗೆ ಶಕ್ತಿ ಬೆಳಕಾಗಿ ತೆವಳುತ್ತದೆ, ಮೇಲಿನ ಪದರದಲ್ಲಿ ಅನಿಲವೇ ಕುದಿದು ಹೊತ್ತೊಯ್ಯುತ್ತದೆ. ತಿರುಳಿನಲ್ಲೂ ಉರಿ ಮಂದವೇ. ಎರಡು ಪ್ರೋಟಾನ್ ಕೂಡುವಾಗ ಒಂದು ನ್ಯೂಟ್ರಾನಾಗಿ ಬದಲಾಗಬೇಕು. ಇದು ಬೀಟಾ ಕ್ಷಯದ ಹಿಂದಿರುವ ದುರ್ಬಲ ಬಲದ ಕೆಲಸ, ಅಪರೂಪಕ್ಕೊಮ್ಮೆ ನಡೆಯುತ್ತದೆ. ಇಡೀ ಸೂರ್ಯನ ಸರಾಸರಿ ತೆಗೆದರೆ ಕಿಲೋಗೆ 0.0002 ವ್ಯಾಟ್. ಸುಮ್ಮನೆ ಕುಳಿತ ಮನುಷ್ಯನ ದೇಹ ಕಿಲೋಗೆ ಒಂದು ವ್ಯಾಟಿಗಿಂತ ಹೆಚ್ಚು ಶಾಖ ಬಿಡುತ್ತದೆ!

ಕೊನೆಯ ತಾಳೆ

ಪ್ರತಿ ಹೀಲಿಯಂ ಹುಟ್ಟಿದಾಗ ಎರಡು ನ್ಯೂಟ್ರಿನೋ, ಅಂದರೆ ಬಹುತೇಕ ಯಾವುದಕ್ಕೂ ತಡೆಯದೆ ಹಾದುಹೋಗುವ ಸೂಕ್ಷ್ಮ ಕಣಗಳು, ಹೊರಬೀಳುತ್ತವೆ. 1,361 ವ್ಯಾಟ್ ಎಂದರೆ ಚದರ ಸೆಂ.ಮೀ.ಗೆ ಸೆಕೆಂಡಿಗೆ 0.1361 ಜೂಲ್. ಒಂದು ಸಮ್ಮಿಲನದ ಶಕ್ತಿ 4.28 × 10⁻¹² ಜೂಲ್. ಭಾಗಿಸಿ ಎರಡರಿಂದ ಗುಣಿಸಿದರೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,400 ಕೋಟಿ ನ್ಯೂಟ್ರಿನೋ. ನಿಮ್ಮ 1,170 ಹಾಕಿದರೆ 5,500 ಕೋಟಿ. ಇಟಲಿಯ ಗ್ರಾನ್ ಸಾಸ್ಸೋ ಬೆಟ್ಟದಡಿಯ ಬೊರೆಕ್ಸಿನೋ ಪ್ರಯೋಗ 2014ರಲ್ಲಿ ಪ್ರೋಟಾನ್ ಜೋಡಿಯಿಂದ ಹುಟ್ಟುವ ನ್ಯೂಟ್ರಿನೋಗಳನ್ನು ನೇರವಾಗಿ ಹಿಡಿದು ಪ್ರಕಟಿಸಿದ ಸಂಖ್ಯೆ ಸುಮಾರು 6,600 ಕೋಟಿ, ಹೆಚ್ಚು ಕಡಿಮೆ 700 ಕೋಟಿ.