ಪದಕಕ್ಕಲ್ಲ, ಸಮಯಕ್ಕೆ: ಆಯ್ಕೆ ಟ್ರಯಲ್ಸ್‌ಗೆ ನಾನು ಒಬ್ಬ ಈಜುಗಾರನನ್ನು ಸಿದ್ಧಪಡಿಸಿದ ಬಗೆ

ರಾಷ್ಟ್ರೀಯ ಈಜು ಚಾಂಪಿಯನ್‌ಷಿಪ್ಪೇ ಅಂತರರಾಷ್ಟ್ರೀಯ ತಂಡದ ಆಯ್ಕೆ ಟ್ರಯಲ್ಸ್ ಕೂಡ ಆಗಿರುವ ವರ್ಷ ಒಂದೇ ಕೊಳದಲ್ಲಿ ಎರಡು ಪರೀಕ್ಷೆಗಳು ಒಟ್ಟಿಗೇ ನಡೆಯುತ್ತವೆ. ಚಾಂಪಿಯನ್‌ಷಿಪ್ಪಿಗೆ ಬೇಕಾದದ್ದು ಮೊದಲು ಗೋಡೆ ಮುಟ್ಟಿದವರ ಹೆಸರು ಮಾತ್ರ. ಆಯ್ಕೆ ಸಮಿತಿ ಅದರ ಜೊತೆಗೆ ಎಷ್ಟು ಸಮಯದಲ್ಲಿ, ಯಾವ ಸುತ್ತಿನಲ್ಲಿ ಮುಟ್ಟಿದರು ಎಂಬುದನ್ನೂ ನೋಡುತ್ತದೆ. ನನ್ನ ಬಳಿ ತರಬೇತಿ ಪಡೆಯುತ್ತಿದ್ದ 200 ಮೀಟರ್ ಫ್ರೀಸ್ಟೈಲ್ ಈಜುಗಾರನನ್ನು ಪ್ಯಾರಿಸ್ ಒಲಿಂಪಿಕ್ಸ್‌ನ ಟ್ರಯಲ್ಸ್‌ಗೆ ಅಣಿಗೊಳಿಸುವಾಗ ಇಡೀ ಋತುವಿನ ಯೋಜನೆಯನ್ನು ನಾನು ಈ ಎರಡನೆಯ ಪರೀಕ್ಷೆಯ ಸುತ್ತಲೇ ಕಟ್ಟಿದೆ.

ಕೆಲಸ ಶುರುವಾದದ್ದು ಕೊಳದ ಬಳಿಯಲ್ಲ, ಮೇಜಿನ ಮುಂದೆ. ಫೆಡರೇಷನ್ ಪ್ರಕಟಿಸುವ ಆಯ್ಕೆ ನಿಯಮಾವಳಿಯ ಮೇಲೆ ಅನೇಕ ಕೋಚ್‌ಗಳು ಸುಮ್ಮನೆ ಕಣ್ಣಾಡಿಸಿ ಬಿಡುತ್ತಾರೆ. ನಾನು ಈಜುಗಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಸಾಲುಸಾಲಾಗಿ ಓದಿದೆ. ಈಜಿನ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ಅಕ್ವಾಟಿಕ್ಸ್ ನಿಯಮದಂತೆ ಒಂದು ವೈಯಕ್ತಿಕ ಸ್ಪರ್ಧೆಗೆ ಒಂದು ದೇಶ ಗರಿಷ್ಠ ಇಬ್ಬರನ್ನು ಕಳುಹಿಸಬಹುದು, ಆ ಇಬ್ಬರೂ ಅರ್ಹತಾ ಸಮಯದೊಳಗೆ ಈಜಿರಬೇಕು. ಪ್ಯಾರಿಸ್‌ಗೆ ಪುರುಷರ 200 ಮೀಟರ್ ಫ್ರೀಸ್ಟೈಲ್‌ನ ಅರ್ಹತಾ ಸಮಯ 1:46.26 ಆಗಿತ್ತು. ಅದಕ್ಕಿಂತ ಶೇ 0.5ರಷ್ಟು ಸಡಿಲವಾದ 1:46.79 ಎಂಬ ಇನ್ನೊಂದು ಮಿತಿ ಇತ್ತಾದರೂ, ಅಷ್ಟನ್ನೇ ಮುಟ್ಟಿದವರು ಜಾಗ ಉಳಿದರೆ ಬರುವ ಆಹ್ವಾನಕ್ಕಾಗಿ ಕಾಯಬೇಕಿತ್ತು. ಕಾಯುವ ಸಾಲಿನಲ್ಲಿ ನಿಲ್ಲುವ ಯೋಚನೆಯೇ ಬೇಡ ಎಂದು ಅಂದೇ ನಿರ್ಧರಿಸಿ, ಗುರಿಯನ್ನು 1:46.0 ಎಂದು ಬರೆದಿಟ್ಟೆವು.

ಅರ್ಹತಾ ಸಮಯವನ್ನು ಯಾವ ಸುತ್ತಿನಲ್ಲಿ ಈಜಬೇಕು ಎಂಬುದು ಅಷ್ಟೇ ಮುಖ್ಯ. ಇದನ್ನು ಮನದಟ್ಟು ಮಾಡಿಸಲು ನಾನು ಪ್ರತಿ ಬಾರಿಯೂ ಕೊಸುಕೆ ಕಿಟಾಜಿಮಾ ಅವರ ಉದಾಹರಣೆ ಕೊಡುತ್ತೇನೆ. 2004 ಮತ್ತು 2008ರ ಒಲಿಂಪಿಕ್ಸ್‌ಗಳಲ್ಲಿ 100 ಮತ್ತು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಎರಡರಲ್ಲೂ ಚಿನ್ನ ಗೆದ್ದಿದ್ದ ಅವರು, 2016ರ ಏಪ್ರಿಲ್‌ನಲ್ಲಿ ನಡೆದ ಜಪಾನ್ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ 100 ಮೀಟರ್ ಸೆಮಿಫೈನಲ್‌ನಲ್ಲಿ 59.62 ಸೆಕೆಂಡಿನಲ್ಲಿ ಈಜಿದರು. ಜಪಾನ್ ಫೆಡರೇಷನ್ ನಿಗದಿಪಡಿಸಿದ್ದ ಮಿತಿ 59.63. ಆದರೆ ಅಲ್ಲಿನ ನಿಯಮದಂತೆ ಆ ಸಮಯ ಫೈನಲ್‌ನಲ್ಲಿ ಬರಬೇಕಿತ್ತು. ಫೈನಲ್‌ನಲ್ಲಿ ಅವರು ಎರಡನೆಯವರಾದರೂ ಸಮಯ 59.93ಕ್ಕೆ ಜಾರಿತು. 200 ಮೀಟರ್‌ನಲ್ಲೂ ಸ್ಥಾನ ಸಿಗದೆ ಅವರ ಈಜು ಜೀವನ ಅಲ್ಲಿಗೇ ಮುಗಿಯಿತು. ನಮ್ಮ ನಿಯಮಾವಳಿಯೂ ಫೈನಲ್‌ನ ಫಲಿತಾಂಶವನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದುದರಿಂದ, ಮೂರು ಸುತ್ತುಗಳ ಪೈಕಿ ಕೊನೆಯದು ಅತ್ಯಂತ ವೇಗವಾಗಿರಬೇಕು ಎಂಬುದೇ ನಮ್ಮ ಅಭ್ಯಾಸದ ಮೂಲಸೂತ್ರವಾಯಿತು.

ಗುರಿಯನ್ನು ನಾಲ್ಕು ಐವತ್ತು ಮೀಟರ್‌ಗಳಾಗಿ ಒಡೆದೆವು: 24.9, 26.9, 27.2, 27.0. ಇವುಗಳಲ್ಲಿ ಇಡೀ ಸ್ಪರ್ಧೆ ನಿಂತಿರುವುದು ಮೂರನೆಯದರ ಮೇಲೆ. ಮೊದಲ ನೂರು ಮೀಟರ್ ಉತ್ಸಾಹದಲ್ಲಿ ಸಾಗುತ್ತದೆ, ಕೊನೆಯ ಐವತ್ತನ್ನು ಹಟದಿಂದ ಮುಗಿಸಬಹುದು. ನಡುವಿನ ಆ ಭಾಗದಲ್ಲಿ ಕಾಲು ಸೋಲತೊಡಗಿದರೂ ಈಜುಗಾರನಿಗೆ ತಾನು ನಿಧಾನವಾಗುತ್ತಿರುವುದು ತಿಳಿಯುವುದಿಲ್ಲ. ನೀರಿನೊಳಗಿನ ವಿಡಿಯೊ ನೋಡಿದಾಗ, ಮೊದಲ ಟರ್ನ್‌ನಲ್ಲಿ ಗೋಡೆಯಿಂದ ಚಿಮ್ಮಿದ ಮೇಲೆ ಐದು ಡಾಲ್ಫಿನ್ ಕಿಕ್ (ನೀರಿನಡಿಯಲ್ಲಿ ಎರಡೂ ಕಾಲು ಜೋಡಿಸಿ ಬಡಿಯುವುದು) ಹಾಕುತ್ತಿದ್ದವನು ಎರಡನೆಯ ಟರ್ನ್‌ನಲ್ಲಿ ಎರಡೇ ಕಿಕ್‌ಗೆ ಮೇಲೆ ಬಂದು ಉಸಿರೆಳೆಯುತ್ತಿದ್ದುದು ಸ್ಪಷ್ಟವಾಯಿತು. ನೀರಿನಡಿಯಲ್ಲಿ 15 ಮೀಟರ್‌ವರೆಗೆ ಸಾಗಲು ನಿಯಮ ಅವಕಾಶ ಕೊಡುವಾಗ ಅದರ ಅರ್ಧವನ್ನೂ ಬಳಸದೆ ಮೇಲೇಳುವುದು ಕೈಯಲ್ಲಿದ್ದ ವೇಗವನ್ನು ಕೊಳದಲ್ಲೇ ಬಿಟ್ಟು ಬಂದಂತೆ. ಅಂದಿನಿಂದ ವಾರ್ಮ್‌ಅಪ್ ಇರಲಿ, ಕೊನೆಯಲ್ಲಿ ದಣಿವಾರಿಸಲು ನಿಧಾನವಾಗಿ ಈಜುವ ಸ್ವಿಮ್‌ಡೌನ್ ಇರಲಿ, ಪ್ರತಿಯೊಂದು ಟರ್ನ್‌ನಲ್ಲೂ ಐದು ಕಿಕ್ ಕಡ್ಡಾಯವಾಯಿತು. ಅವನಿಗೆ ಇದು ಒಂದಿಷ್ಟೂ ಇಷ್ಟವಿರಲಿಲ್ಲ. ಮುಖ್ಯ ಸೆಟ್‌ನಲ್ಲಿ ಐವತ್ತು ಮೀಟರ್‌ಗಳನ್ನು ಸ್ಪರ್ಧೆಯ ವೇಗದಲ್ಲೇ, ಅಲ್ಪ ವಿಶ್ರಾಂತಿಯೊಂದಿಗೆ ಈಜಿಸುತ್ತಿದ್ದೆ. ಸಮಯದ ಜೊತೆಗೆ ಸ್ಟ್ರೋಕ್ ಎಣಿಕೆಯನ್ನೂ ಬರೆದುಕೊಳ್ಳುತ್ತಿದ್ದೆ, ಎಣಿಕೆ ಏರಿದರೆ ಸಮಯ ಸರಿಯಿದ್ದರೂ ಸೆಟ್ ನಿಲ್ಲಿಸುತ್ತಿದ್ದೆ.

ಟೇಪರ್, ಅಂದರೆ ಸ್ಪರ್ಧೆಗೆ ಮುಂಚೆ ಅಭ್ಯಾಸವನ್ನು ತಗ್ಗಿಸುವ ವಿಷಯದಲ್ಲಿ ಕೋಚ್‌ಗಳಲ್ಲಿ ಒಮ್ಮತವಿಲ್ಲ. ಕೊನೆಯ ವಾರಗಳಲ್ಲಿ ನಾನು ದೂರವನ್ನು ಹಂತಹಂತವಾಗಿ ತಗ್ಗಿಸಿದೆನೇ ಹೊರತು ವೇಗವನ್ನು ಮುಟ್ಟಲಿಲ್ಲ. ಕಷ್ಟವಿರುವುದು ಒಂದೇ ವರ್ಷದಲ್ಲಿ ಎರಡು ಬಾರಿ ಉತ್ತುಂಗಕ್ಕೆ ಏರಬೇಕಾಗಿರುವುದರಲ್ಲಿ. 2024ರಲ್ಲಿ ಬ್ರಿಟನ್ ತನ್ನ ಚಾಂಪಿಯನ್‌ಷಿಪ್ ಮತ್ತು ಟ್ರಯಲ್ಸ್ ಅನ್ನು ಏಪ್ರಿಲ್ ಆರಂಭದಲ್ಲೇ ಲಂಡನ್‌ನಲ್ಲಿ ಮುಗಿಸಿತು; ಅಮೆರಿಕವು ಇಂಡಿಯಾನಾಪೊಲಿಸ್‌ನ ಫುಟ್‌ಬಾಲ್ ಕ್ರೀಡಾಂಗಣವೊಂದರಲ್ಲಿ ತಾತ್ಕಾಲಿಕ ಕೊಳ ಕಟ್ಟಿ ಜೂನ್ 15ರಿಂದ 23ರವರೆಗೆ ನಡೆಸಿತು, ಅಲ್ಲಿಂದ ಪ್ಯಾರಿಸ್‌ನ ಮೊದಲ ಹೀಟ್ಸ್‌ಗೆ (ಆರಂಭಿಕ ಸುತ್ತಿಗೆ) ಉಳಿದದ್ದು ಐದು ವಾರಗಳಷ್ಟೇ. ತಡವಾದ ಟ್ರಯಲ್ಸ್ ಆ ಹೊತ್ತಿಗೆ ನಿಜವಾಗಿ ವೇಗವಾಗಿರುವವರನ್ನೇ ಆರಿಸುತ್ತದೆ ಎಂಬ ವಾದವನ್ನು ಒಪ್ಪುತ್ತೇನೆ. ಆದರೂ ನನ್ನ ಮತ ಬೇಗನೆ ನಡೆಯುವ ಟ್ರಯಲ್ಸ್‌ಗೇ, ಏಕೆಂದರೆ ಮತ್ತೆ ದೂರ ಏರಿಸಿ ಇನ್ನೊಂದು ಟೇಪರ್ ಮಾಡಲು ಐದು ವಾರ ಯಾವುದಕ್ಕೂ ಸಾಲದು.

ಸ್ಪರ್ಧೆಯ ಬೆಳಿಗ್ಗೆ ಹೀಟ್ಸ್‌ನಲ್ಲಿ ಮೊದಲ ನೂರೈವತ್ತು ಮೀಟರ್ ಯೋಜಿಸಿದಂತೆ ಈಜಿ ಕೊನೆಯ ಐವತ್ತನ್ನು ಸಡಿಲಿಸಲು ಹೇಳಿದ್ದೆ. ಸೆಮಿಫೈನಲ್‌ನಲ್ಲಿ ಅಷ್ಟು ಉದಾರವಾಗಿರಲು ಬರುವುದಿಲ್ಲ. ಏಕೆಂದರೆ ಫೈನಲ್‌ನಲ್ಲಿ ಸೆಮಿಫೈನಲ್‌ನ ಅತಿ ವೇಗದವರಿಗೆ ನಾಲ್ಕನೆಯ ಲೇನ್, ನಂತರ ಕ್ರಮವಾಗಿ ಐದು, ಮೂರು, ಆರು ಸಿಗುತ್ತವೆ. ಅಂಚಿನ ಲೇನ್‌ಗೆ ಹೋದವನಿಗೆ ಪಕ್ಕದಲ್ಲಿ ಅಳತೆಗೆ ಸಿಗುವ ಎದುರಾಳಿ ಇರುವುದಿಲ್ಲ. ನನ್ನ ಈಜುಗಾರನಿಗೆ ಮೂರನೆಯ ಲೇನ್ ದೊರಕಿತು.

ಫೈನಲ್‌ಗೆ ಮುಂಚಿನ ಹೊತ್ತಿನಲ್ಲಿ ಹೊಸಬರನ್ನು ಕಂಗೆಡಿಸುವುದು ರೇಸಿಂಗ್ ಸೂಟ್. ಅದನ್ನು ಹಾಕಿಕೊಳ್ಳಲು ಪಾದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಉಗುರು ತಾಗದಂತೆ ಬೆರಳ ಮೆದುಭಾಗದಿಂದ ಅಂಗುಲ ಅಂಗುಲವಾಗಿ ತೊಡೆಯ ಮೇಲೆ ಏರಿಸಬೇಕು. ಅವಸರ ಮಾಡಿದರೆ ಹೊಲಿಗೆ ಬಿಡುತ್ತದೆ. ಸ್ಪರ್ಧೆಗೆ ಮುಂಚೆ ಈಜುಗಾರರು ಸೇರುವ ಕಾಲ್ ರೂಮ್‌ಗೆ ಹೋಗುವ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ ಇದಕ್ಕೂ ಒಂದು ಅವಧಿ ಗೊತ್ತುಮಾಡಿದ್ದೆವು.

ಫೈನಲ್‌ನಲ್ಲಿ ಅವನ ಮೂರನೆಯ ಐವತ್ತು ಮೀಟರ್ ಯೋಜಿಸಿದಂತೆಯೇ ಬಂತು, ಸಮಯವೂ ಅರ್ಹತಾ ಮಿತಿಯೊಳಗೇ ನಿಂತಿತು. ಆದರೆ ಅವನ ಮುಂದೆ ಇಬ್ಬರಿದ್ದರು. ಬೇರೊಂದು ದೇಶದವನಾಗಿದ್ದರೆ ವೈಯಕ್ತಿಕ ಸ್ಪರ್ಧೆಗೆ ನೇರವಾಗಿ ಆಯ್ಕೆಯಾಗುತ್ತಿದ್ದ ಸಮಯಕ್ಕೆ ಇಲ್ಲಿ ಸಿಕ್ಕಿದ್ದು ಕಂಚು ಮತ್ತು 4x200 ಮೀಟರ್ ರಿಲೇಯ ಸ್ಥಾನ, ಏಕೆಂದರೆ ಈ ಫೈನಲ್‌ನ ಮೊದಲ ನಾಲ್ವರು ರಿಲೇಗೆ ಆಯ್ಕೆಯಾಗುತ್ತಾರೆ. ಇಬ್ಬರೇ ಎಂಬ ನಿಯಮ ಬಲಿಷ್ಠ ದೇಶಗಳ ಈಜುಗಾರರಿಗೆ ಕಠೋರವಾದುದೇ; ಆದರೆ ಅದಿಲ್ಲದಿದ್ದರೆ ನಾಲ್ಕಾರು ದೇಶಗಳೇ ಫೈನಲ್‌ಗಳನ್ನು ತುಂಬಿಬಿಡುತ್ತವೆ ಎಂಬುದನ್ನೂ ಅವನಿಗೆ ಹೇಳಬೇಕಾಯಿತು.

ಮರುವಾರದಿಂದ ಕೆಲಸದ ಸ್ವರೂಪ ಬದಲಾಯಿತು. ಬ್ಲಾಕ್‌ನಿಂದ ಬೀಪ್ ಕೇಳಿ ಹಾರುವಾಗ ಸುಮಾರು 0.65 ಸೆಕೆಂಡು ಕಳೆಯುವವನು, ರಿಲೇಯಲ್ಲಿ ತನಗಿಂತ ಮೊದಲು ಈಜುವವನು ಗೋಡೆಗೆ ಬರುವುದನ್ನು ಕಣ್ಣಾರೆ ನೋಡುತ್ತಾ ಹಾರುವುದರಿಂದ ಅದನ್ನು 0.2ಕ್ಕೆ ಇಳಿಸಬಲ್ಲ. ಎಲೆಕ್ಟ್ರಾನಿಕ್ ವ್ಯವಸ್ಥೆ ಸಹಿಸುವುದು 0.03 ಸೆಕೆಂಡಿನಷ್ಟು ಅವಸರವನ್ನು ಮಾತ್ರ, ಅದನ್ನು ಮೀರಿದರೆ ಇಡೀ ತಂಡ ಅನರ್ಹ. ತಂಡದ ಶಿಬಿರ ಸೇರುವವರೆಗೂ ನಮ್ಮ ಅಭ್ಯಾಸದ ಕೊನೆಯ ಭಾಗ ಟೇಕ್‌ಓವರ್‌ಗೇ (ಒಬ್ಬ ಗೋಡೆ ಮುಟ್ಟುತ್ತಿದ್ದಂತೆ ಇನ್ನೊಬ್ಬ ಹಾರುವುದಕ್ಕೇ) ಮೀಸಲಾಯಿತು: ಬೇರೆ ಬೇರೆ ವೇಗದಲ್ಲಿ ಗೋಡೆಗೆ ಬರುವ ಈಜುಗಾರರನ್ನು ಕಳುಹಿಸಿ, ಬರುವವನ ತಲೆ ಯಾವ ಗೆರೆ ದಾಟಿದಾಗ ಕೈ ಬೀಸಲು ತೊಡಗಬೇಕು ಎಂಬುದನ್ನು ಅವನು ತಾನೇ ಗುರುತಿಸಿಕೊಳ್ಳುವಂತೆ ಮಾಡಿದೆ.