ವಜಾ ಆದ ನಾಗರಿಕ ಹಕ್ಕು ಕೇಸಿಗೆ ವಕೀಲರಿಲ್ಲದೆ ಅಪೀಲು: ನನ್ನ ಅನುಭವ

ಕ್ಯಾಲಿಫೋರ್ನಿಯಾದಲ್ಲಿ ನಾನಿದ್ದ ಕಂಪನಿ, ನಾನು ಹುಟ್ಟಿದ ದೇಶದ ಕಾರಣಕ್ಕೇ ನನ್ನನ್ನು ಕೆಲಸದಿಂದ ತೆಗೆಯಿತು ಅಂತ 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ದಾವೆ ಹಾಕಿದ್ದೆ. ಸಾಕ್ಷಿ ನೋಡುವ ಹಂತಕ್ಕೂ ಬರದೆ ಅದು ವಜಾ ಆಯಿತು. ವಕೀಲರ ಫೀಸು ಕೊಡುವ ಶಕ್ತಿ ನನಗಿರಲಿಲ್ಲ. ಅಷ್ಟಕ್ಕೇ ಬಿಟ್ಟುಬಿಡಲು ಮನಸ್ಸೂ ಒಪ್ಪಲಿಲ್ಲ.

ಮೊದಲು ಗಡುವು ನೋಡಿಕೊಳ್ಳಿ. ಫೆಡರಲ್ ಸಿವಿಲ್ ಕೇಸಿನಲ್ಲಿ ತೀರ್ಪು ದಾಖಲಾದ 30 ದಿನದೊಳಗೆ ಅಪೀಲಿನ ನೋಟಿಸ್ ಸಲ್ಲಿಸಬೇಕು. ಎದುರಿಗೆ ಅಮೆರಿಕದ ಕೇಂದ್ರ ಸರ್ಕಾರವಿದ್ದರೆ 60 ದಿನ. ಅದನ್ನು ಕೊಡಬೇಕಾದ್ದು ಕೇಸು ವಜಾ ಮಾಡಿದ ಜಿಲ್ಲಾ ಕೋರ್ಟಿಗೇ, ಮೇಲಿನ ಕೋರ್ಟಿಗಲ್ಲ. ಚಿಕ್ಕ ಕಾಗದ ಅದು: ಯಾರು, ಯಾವ ತೀರ್ಪಿನ ಮೇಲೆ, ಯಾವ ಕೋರ್ಟಿಗೆ ಹೋಗುತ್ತಿದ್ದಾರೆ, ಅಷ್ಟೇ. ಫೀಸು 605 ಡಾಲರ್. ಕಟ್ಟಲಾಗದವರು ಆದಾಯದ ವಿವರ ಕೊಟ್ಟು ವಿನಾಯಿತಿ ಕೇಳಬಹುದು.

ನಿಜವಾದ ಕೆಲಸ ಇರುವುದು ನಮ್ಮ ವಾದವನ್ನು ಬರೆದುಕೊಡುವ ಕಾಗದದಲ್ಲಿ, ಅಂದರೆ ಬ್ರೀಫ್‌ನಲ್ಲಿ. ಕ್ಯಾಲಿಫೋರ್ನಿಯಾದ ಅಪೀಲುಗಳು ಹೋಗುವ ಒಂಬತ್ತನೇ ಸರ್ಕ್ಯೂಟ್ ಕೋರ್ಟಿನಲ್ಲಿ ವಕೀಲರಿಲ್ಲದವರಿಗೆ ಅಂತಲೇ ಪ್ರಶ್ನೆಗಳಿರುವ ಸರಳ ಫಾರಂ ಇದೆ. ಕಂಪನಿ ಮಾಡಿದ್ದನ್ನೆಲ್ಲ ಅದರಲ್ಲಿ ಮತ್ತೆ ತೋಡಿಕೊಳ್ಳೋಣ ಅನ್ನಿಸುತ್ತೆ, ಸಹಜ ಅಲ್ವಾ? ಆದರೆ ಆ ಕೋರ್ಟು ಸಾಮಾನ್ಯವಾಗಿ ಹೊಸ ಸಾಕ್ಷಿ ನೋಡುವುದಿಲ್ಲ. ಕೆಳಗಿನ ಜಡ್ಜ್ ಎಲ್ಲಿ ತಪ್ಪಿದರು ಅಂತ ತೋರಿಸುವುದು ನಮ್ಮ ಕೆಲಸ.

ನಾನು ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ವಜಾ ಆದೇಶದಲ್ಲಿದ್ದ ಒಂದೊಂದು ಕಾರಣ, ಪುಟಸಂಖ್ಯೆ ಸಮೇತ. ಬಲಕ್ಕೆ, ದಾವೆ ಹಾಕುವಾಗ ಕೊಟ್ಟ ನನ್ನ ದೂರಿನಲ್ಲಿ ಅದಕ್ಕೆ ಉತ್ತರವಿರುವ ಪ್ಯಾರಾ. ಎಡಗಡೆ 'ಮ್ಯಾನೇಜರ್ ಮಾತಿಗೂ ಕೆಲಸ ಹೋದದ್ದಕ್ಕೂ ಸಂಬಂಧ ಹೇಳಿಲ್ಲ' ಅಂತಿತ್ತು. ಬಲಗಡೆ 22ನೇ ಪ್ಯಾರಾ. ಮ್ಯಾನೇಜರ್ ಏನಂದರು, ಯಾವತ್ತು ಅಂದರು, ಎಷ್ಟು ಬೇಗ ನನಗೆ ಕೆಲಸದಿಂದ ತೆಗೆದ ಪತ್ರ ಕೊಟ್ಟರು, ಎಲ್ಲ ಅಲ್ಲೇ ಇತ್ತು. ಈ ಬಗೆಯ ವಜಾವನ್ನು ಮೇಲಿನ ಕೋರ್ಟು ತಾನೇ ಹೊಸದಾಗಿ ಪರಿಶೀಲಿಸುತ್ತದೆ. ದೂರಿನಲ್ಲಿ ಹೇಳಿದ ಸಂಗತಿಗಳನ್ನು ನಿಜ ಅಂತಲೇ ಇಟ್ಟುಕೊಂಡು ಓದುತ್ತದೆ. ಆದ್ದರಿಂದ ಆ ಪ್ಯಾರಾವನ್ನೇ ಮುಂದಿಟ್ಟೆ.

'ಬೇರೆ ದೇಶದವರನ್ನು ಹೇಗೆ ನಡೆಸಿಕೊಂಡರು ಅಂತ ತೋರಿಸಿಲ್ಲ' ಎಂಬ ಇನ್ನೊಂದು ಕಾರಣಕ್ಕೆ ಸ್ವಿಯರ್ಕಿಯೆವಿಚ್ ತೀರ್ಪು ಕೈಹಿಡಿಯಿತು. ಅವರು ಹಂಗೇರಿಯಲ್ಲಿ ಹುಟ್ಟಿದ ನೌಕರ. ತಾರತಮ್ಯವನ್ನು ಮೇಲ್ನೋಟಕ್ಕೆ ತೋರಿಸುವ ಪ್ರಾಥಮಿಕ ಪುರಾವೆಯ ಎಲ್ಲ ಅಂಶಗಳನ್ನೂ ದೂರಿನಲ್ಲೇ ಕಟ್ಟಿಕೊಡಬೇಕಿಲ್ಲ ಅಂತ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಒಮ್ಮತದಿಂದ ಹೇಳಿತು. ಹಾಗಂತ ಅದೊಂದನ್ನೇ ನಂಬಿ ಕೂರಬೇಡಿ. ಬರೀ ಆರೋಪ ಸಾಲದು, ನಂಬಬಹುದಾದ ಸಂಗತಿಗಳು ಬೇಕು ಅನ್ನುವ 2009ರ ಇಕ್ಬಾಲ್ ತೀರ್ಪನ್ನು ಎದುರಿನ ವಕೀಲರು ತಂದೇ ತರುತ್ತಾರೆ. ನಾನು ಮೊದಲ ಬ್ರೀಫ್‌ನಲ್ಲೇ ಅದಕ್ಕೆ ಉತ್ತರ ಬರೆದಿದ್ದೆ.

ಮೂವರು ಜಡ್ಜ್‌ಗಳು ಮೌಖಿಕ ವಾದ ಕೇಳದೆ, ಕಾಗದ ನೋಡಿಯೇ ತೀರ್ಮಾನ ಮಾಡಿದರು. ದೂರು ಕೊಟ್ಟದ್ದಕ್ಕೆ ಕಂಪನಿಯವರು ಸೇಡು ತೀರಿಸಿಕೊಂಡರು ಅನ್ನುವ ನನ್ನ ಇನ್ನೊಂದು ಆರೋಪ ವಜಾ ಆಗಿಯೇ ಉಳಿಯಿತು. ತಾರತಮ್ಯದ ಆರೋಪಕ್ಕೆ ಮರುಜೀವ ಬಂತು. ಕೇಸು ಈಗ ಅದೇ ಜಿಲ್ಲಾ ಕೋರ್ಟಿನಲ್ಲಿದೆ. ಕಂಪನಿಯ ಇಮೇಲುಗಳನ್ನು ಕೇಳುವ ಅರ್ಜಿ ಬರೆಯುತ್ತಿದ್ದೇನೆ.